ಹೆಬ್ಬಕ ಕಂಡ ಕುರಿಗಾಹಿಯನ್ನು ಮಾತನಾಡಿಸುವ ಬಗೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಹೆಬ್ಬಕವೆಂಬ ದೊಡ್ಡ ಹಕ್ಕಿಯನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹುಡುಕಿ ಹೋದವರು ದಿನಗಟ್ಟಲೆ ಅಲೆದು ಬರಿಗೈಯಲ್ಲಿ ಮರಳುವುದುಂಟು. ಅದೇ ಹೊಲಗಳಲ್ಲಿ ವರ್ಷವಿಡೀ ಕುರಿಗಳ ಹಿಂದೆ ನಡೆಯುವವರ ಕಣ್ಣಿಗೆ ಅದು ಬಿದ್ದಿರುವ ಸಾಧ್ಯತೆ ನಮಗಿಂತ ಬಹಳ ಹೆಚ್ಚು. ದೇಶದಲ್ಲೇ ಇನ್ನೂರಕ್ಕಿಂತ ಕಡಿಮೆ ಉಳಿದಿರುವ ಈ ಹಕ್ಕಿಯ ಬಗ್ಗೆ ಅವರು ಹೇಳುವ ಪ್ರತಿ ಮಾತೂ ಅಮೂಲ್ಯ.

ಬೆಳಿಗ್ಗೆ ಮಂದೆ ಹೊರಡುವಾಗಲೂ ಸಂಜೆ ಮರಿಗಳಿಗೆ ಹಾಲು ಕುಡಿಸುವಾಗಲೂ ಅವರನ್ನು ತಡೆಯಬಾರದು. ಮಧ್ಯಾಹ್ನ ಕುರಿಗಳು ನೆರಳಿಗೆ ನಿಂತಾಗ ಹೋಗಿ, ಪಕ್ಕದಲ್ಲಿ ಕುಳಿತು, ಮೊದಲು ಮಳೆ, ಮೇವು, ಕುರಿಗಳ ಕಾಯಿಲೆಯ ಮಾತಾಡಬೇಕು. ನೀವು ಯಾರು, ಮಾಹಿತಿ ಯಾರ ಕೈ ಸೇರುತ್ತದೆ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ. ಹಕ್ಕಿ ಇದೆಯೆಂದರೆ ಮೇಯಿಸುವುದಕ್ಕೆ ಅಡ್ಡಿ ಬಂದೀತೆಂಬ ಅವರ ಅಂಜಿಕೆ ಸಹಜವಾದದ್ದು. ಆ ವಿಷಯದಲ್ಲಿ ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ. ಹಕ್ಕಿ ತೋರಿಸಿದರೆ ಹಣ ಕೊಡುತ್ತೇನೆ ಎಂದಂತೂ ಹೇಳಲೇಬಾರದು, ಏಕೆಂದರೆ ಆಮೇಲೆ ಬರುವ ಸುದ್ದಿಯಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ.

ಹೆಚ್ಚಿನವರು ಎಡವುವುದು ಚಿತ್ರ ತೋರಿಸುವಲ್ಲಿ. ಮೊಬೈಲಿನಲ್ಲಿ ಹೆಬ್ಬಕದ ಚಿತ್ರ ಹಿಡಿದು ‘ಇದನ್ನು ನೋಡಿದ್ದೀರಾ?’ ಎಂದರೆ, ಅತಿಥಿಯ ಮನಸ್ಸು ನೋಯಿಸಬಾರದೆಂದು ಹೌದೆನ್ನುವವರೇ ಹೆಚ್ಚು. ಬದಲಿಗೆ ‘ಯಜಮಾನರೇ, ಈ ಹೊಲದಲ್ಲಿ ನೀವು ಕಂಡ ಅತಿ ದೊಡ್ಡ ಹಕ್ಕಿ ಯಾವುದು?’ ಎಂದು ಕೇಳಿ ಸುಮ್ಮನಿರಿ. ಎರೆಭೂತ, ಎರ್ಲಡ್ಡು ಎಂಬ ಹೆಬ್ಬಕದ ಆಡುಹೆಸರುಗಳು ಅವರ ಬಾಯಿಂದಲೇ ಬರಲಿ. ಆಮೇಲೆ ಎತ್ತರ ಯಾವ ಕುರಿಯ ಬೆನ್ನಿಗೆ ಸಮ, ನೆತ್ತಿ ಯಾವ ಬಣ್ಣ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಇತ್ತೇ, ಮರದ ಮೇಲೆ ಕೂರುತ್ತದೆಯೇ ಎಂದು ವಿಚಾರಿಸಬೇಕು. ಹೆಬ್ಬಕ ಸುಮಾರು ಒಂದು ಮೀಟರ್ ಎತ್ತರವಿದ್ದು, ಗಂಡು 15 ಕಿಲೋವರೆಗೂ ತೂಗುತ್ತದೆ. ಅದು ಮರ ಏರುವುದಿಲ್ಲ. ‘ಜಾಲಿ ಮರದ ಮೇಲೆ ಕೂತಿತ್ತು’ ಎಂದರೆ ಅದು ನವಿಲೋ ಕೊಕ್ಕರೆಯೋ ಇರಬೇಕು. ಹೆಜ್ಜೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಹೆಬ್ಬಕಕ್ಕೆ ಹಿಂಬೆರಳೇ ಇಲ್ಲ. ಹಸಿ ಎರೆಮಣ್ಣಿನಲ್ಲಿ ಹೆಜ್ಜೆ ಓದಬಲ್ಲ ಕುರಿಗಾಹಿ ಮೂರೇ ಬೆರಳನ್ನು ನೆಲದ ಮೇಲೆ ಗೀಚಿ ತೋರಿಸಿದರೆ ಆ ಹೇಳಿಕೆಯ ತೂಕವೇ ಬೇರೆ. ಇಷ್ಟಾದ ಮೇಲೆ ಹೆಣ್ಣು ನವಿಲು, ಕೊಕ್ಕರೆ, ಹೆಬ್ಬಕ ಮೂರರ ಚಿತ್ರಗಳನ್ನೂ ಒಟ್ಟಿಗೆ ಮುಂದಿಡಬಹುದು.

ತಿಂಗಳು, ತಾರೀಖು ಕೇಳಿದರೆ ಉತ್ತರ ಅಂದಾಜಿನದ್ದಾಗುತ್ತದೆ. ಯಾವ ಮಳೆಯಲ್ಲಿ ಎಂದು ಕೇಳಿದರೆ ಖಚಿತವಾಗುತ್ತದೆ. ಉತ್ತರೆ ಮಳೆ ಎಂದರೆ ಸೆಪ್ಟೆಂಬರ್ ಮಧ್ಯದಿಂದ ಕೊನೆಯವರೆಗಿನ ಸುಮಾರು ಎರಡು ವಾರ ಎಂದು ಪಂಚಾಂಗ ನೋಡಿ ಬರೆದುಕೊಳ್ಳಬಹುದು. ಯಾವ ವರ್ಷವೆಂಬುದನ್ನು ಮಗಳ ಮದುವೆ, ಬರಗಾಲ, ಚುನಾವಣೆಗಳಿಗೆ ಜೋಡಿಸಿ ತಿಳಿಯಬೇಕು. ತಾವೇ ಕಂಡದ್ದನ್ನೂ ಇತರರಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಹಟ್ಟಿಯ ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಮಾತನಾಡಿಸಿ.

ಮೊಟ್ಟೆಯ ಸುದ್ದಿ ಬಂದರೆ ಮಾತ್ರ ನೋಡಲು ಹೊರಡಬೇಡಿ. ಹೆಬ್ಬಕ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದಲ್ಲಿಡುತ್ತದೆ, ಮನುಷ್ಯರ ಓಡಾಟದಿಂದ ತಾಯಿ ಅದನ್ನು ಬಿಟ್ಟುಹೋದೀತು. ಮಂದೆಯ ನಾಯಿಗಳನ್ನು ಆ ಕಡೆ ಬಿಡದಂತೆ, ತಪ್ಪು ಹೊರಿಸದೆ, ವಿನಂತಿಸಿಕೊಳ್ಳಿ. ಜಾಗದ ಗುರುತನ್ನು ಅರಣ್ಯ ಇಲಾಖೆಗೆ ತಿಳಿಸಿ. ವಾಟ್ಸ್‌ಆಪ್ ಗುಂಪುಗಳಿಗೆ ಹಾಕಬೇಡಿ.