ಎಚ್1ಬಿ ಕೆಲಸ ಹೋದಾಗ ನಾವು ಮಾಡಿದ್ದು

ನಾವಿರುವುದು ನ್ಯೂಜೆರ್ಸಿಯಲ್ಲಿ. ಮನೆಯವರದು ಎಚ್1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾ. ನನ್ನದು ಮತ್ತು ಮಗಳದು ಅವರನ್ನು ಅವಲಂಬಿಸಿದ ಎಚ್4. ಮಗ ಇಲ್ಲೇ ಹುಟ್ಟಿದ್ದರಿಂದ ಅವನು ಅಮೆರಿಕದ ಪ್ರಜೆ. ಒಂದೇ ಮನೆ, ಅಣ್ಣ-ತಂಗಿಯರ ಪಾಸ್‌ಪೋರ್ಟ್ ಮಾತ್ರ ಬೇರೆ ಬೇರೆ ದೇಶದ್ದು. ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಕೇಳಲೇಬೇಡಿ. ಊರಿಂದ ಫೋನ್ ಮಾಡುವವರಿಗೆ ಅದನ್ನು ವಿವರಿಸುವುದನ್ನೂ ಬಿಟ್ಟಿದ್ದೇವೆ.

ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅಥವಾ ಹೊರಡಲು ಸಿಗುವುದು ಹೆಚ್ಚೆಂದರೆ 60 ದಿನ. ಐ-94, ಅಂದರೆ ಇಲ್ಲಿ ಯಾವ ದಿನಾಂಕದವರೆಗೆ ಇರಬಹುದು ಅಂತ ಹೇಳುವ ದಾಖಲೆ, ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಕಂಪನಿ ಕೆಲಸದಿಂದ ತೆಗೆಯುವಾಗ ಸೆವೆರೆನ್ಸ್ ಅಂತ ಎಷ್ಟೇ ದುಡ್ಡು ಕೊಡಲಿ, ಅದರಿಂದ ದಿನ ಜಾಸ್ತಿ ಆಗುವುದಿಲ್ಲ.

ನಮ್ಮನ್ನು ಉಳಿಸಿದ್ದು ಪೇಪರ್ ಫೈಲು. ಐ-140 ಅಪ್ರೂವಲ್ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಅರ್ಜಿಯದು, ನಾವಾಗಿ ಕೇಳದಿದ್ದರೆ ಕಾಪಿ ಕೈಗೆ ಬರುವುದು ಕಷ್ಟ. ಕೆಲಸದಲ್ಲಿರುವಾಗಲೇ ಇವರು ಎಚ್‌ಆರ್‌ಗೆ ಇಮೇಲ್ ಮೇಲೆ ಇಮೇಲ್ ಹಾಕಿ ತರಿಸಿಕೊಂಡಿದ್ದರು. ಅದು ಅಪ್ರೂವ್ ಆಗಿ 180 ದಿನ ದಾಟಿದ್ದರೆ, ಹಳೇ ಕಂಪನಿ ವಾಪಸ್ ತೆಗೆದುಕೊಂಡರೂ ಎಚ್1ಬಿಗೆ ಇರುವ ಆರು ವರ್ಷದ ಮಿತಿಯ ಆಚೆಗೂ ಅದನ್ನು ಮುಂದುವರಿಸಬಹುದು. ಇಂಟರ್‌ವ್ಯೂಗಳಲ್ಲಿ ಇದನ್ನು ಮೊದಲೇ ಹೇಳಿಬಿಡುತ್ತಿದ್ದರು, ಹೊಸ ಕಂಪನಿಯ ಲಾಯರ್‌ಗೂ ಅರ್ಧ ಕೆಲಸ ಕಡಿಮೆ ಅಲ್ವಾ?

ಇನ್ನೊಂದು, ಇದನ್ನು ಬಹಳ ಜನ ನೋಡುವುದೇ ಇಲ್ಲ. ಮಕ್ಕಳ ಭಾರತೀಯ ಪಾಸ್‌ಪೋರ್ಟ್‌ಗೆ ಐದೇ ವರ್ಷ ಆಯಸ್ಸು. ಊರಿಂದ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಮಗಳಿಗೆ ಸಿಕ್ಕ ಐ-94 ಅವಳ ಪಾಸ್‌ಪೋರ್ಟ್ ಮುಗಿಯುವ ತನಕ ಮಾತ್ರ, ನಮ್ಮಿಬ್ಬರದು ಅದಕ್ಕಿಂತ ಮುಂದಕ್ಕಿತ್ತು. ವೀಸಾ ಸ್ಟಾಂಪ್ ನೋಡಿ ಸುಮ್ನೆ ಕೂತಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸಿಬಿಪಿ (ಅಮೆರಿಕದ ಗಡಿ ಮತ್ತು ಕಸ್ಟಮ್ಸ್ ಇಲಾಖೆ) ವೆಬ್‌ಸೈಟಿನಲ್ಲಿ ಪ್ರತಿಯೊಬ್ಬರ ಐ-94 ತೆಗೆದು ಪ್ರಿಂಟ್ ಮಾಡಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ, ಅದರಿಂದ ಸಿಕ್ಕಿಬಿತ್ತು. ಪಾಸ್‌ಪೋರ್ಟ್ ನವೀಕರಿಸಿ, ಅವಳ ದಿನಾಂಕ ಮುಗಿಯುವ ಮೊದಲೇ ಅವಧಿ ವಿಸ್ತರಿಸುವ ಅರ್ಜಿ ಐ-539 ಹಾಕಿದೆವು.

ಕೆಲಸ ಸಿಗದಿದ್ದರೆ ಇರಲಿ ಅಂತ ನಮ್ಮ ಮೂವರಿಗೂ ಪ್ರವಾಸಿಯಾಗಿ ಇರುವ ಬಿ-2ಗೆ ಬದಲಾಯಿಸುವ ಅರ್ಜಿ ತುಂಬಿ ಇಟ್ಟಿದ್ದೆವು. ಬಿ-2ರಲ್ಲಿ ದುಡಿಯುವ ಹಾಗಿಲ್ಲ, ಅದಕ್ಕೇ ಕಾರಿನ ಕಂತು, ಬಾಡಿಗೆ ಎಲ್ಲಾ ಬರೆದು ಎಷ್ಟು ತಿಂಗಳು ತಡೆದೇವು ಅಂತ ಲೆಕ್ಕ ಹಾಕಿದೆ. ಅಷ್ಟರಲ್ಲಿ ಹೊಸ ಕಂಪನಿ ಗಡುವಿನೊಳಗೇ ಇವರ ಎಚ್1ಬಿ ಅರ್ಜಿ ಹಾಕಿತು. ಅಪ್ರೂವಲ್‌ಗೆ ಕಾಯಬೇಕಿಲ್ಲ, ಅರ್ಜಿ ತಲುಪಿದರೆ ಕೆಲಸ ಶುರು ಮಾಡಬಹುದು. ನನ್ನ ಮತ್ತು ಮಗಳ ಎಚ್4 ಅರ್ಜಿಯೂ ಅದರ ಜೊತೆಗೇ ಹೋಯಿತು.

ಮಗಳಿಗೆ 21 ತುಂಬಿದರೆ ಎಚ್4 ಇರುವುದಿಲ್ಲ. ಅವಳನ್ನು ವಿದ್ಯಾರ್ಥಿಗಳಿಗಿರುವ ಎಫ್-1ಗೆ ಯಾವಾಗ ಬದಲಾಯಿಸಬೇಕು ಅಂತ ಈಗಲೇ ಲಾಯರ್ ಹತ್ತಿರ ಮಾತಾಡುತ್ತಿದ್ದೇವೆ.