ಹಳೇ ಕ್ವಾಲಿಸ್ ಕ್ಲಚ್‌ನಲ್ಲಿ ಏರ್ ಹಿಡಿದಿದ್ಯಾ? ಮನೇಲೇ ತೆಗೀರಿ

ಬಿಡದಿಯಲ್ಲಿ 2000ರಿಂದ 2005ರವರೆಗೆ ತಯಾರಾದ ಟೊಯೋಟಾ ಕ್ವಾಲಿಸ್ ಇವತ್ತಿಗೂ ರೋಡಲ್ಲಿ ಕಾಣ್ಸತ್ತೆ, ಗಾಡಿ ಗಟ್ಟಿ, ಆದ್ರೆ ಕ್ಲಚ್ ಒಳಗಿನ ರಬ್ಬರ್ ವಾಷರ್‌ಗೂ ವಯಸ್ಸಾಗತ್ತಲ್ವಾ. ರಿವರ್ಸ್ ಹಾಕಿದ್ರೆ ಕರಕರ ಅನ್ನತ್ತೆ, ಪೆಡಲ್ ಮೆತ್ತಗಿದೆ, ಎರಡ್ಮೂರು ಸಲ ಪಂಪ್ ಮಾಡಿದ್ಮೇಲೆ ಮಾತ್ರ ಗೇರ್ ಸಲೀಸಾಗಿ ಬೀಳತ್ತೆ ಅಂದ್ರೆ ಬಹುತೇಕ ಲೈನಲ್ಲಿ ಏರ್ ಇದೆ. ಇದ್ರಲ್ಲಿ ಕೇಬಲ್ ಇಲ್ಲ, ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳತ್ತೆ, ಆ ಆಯಿಲು ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ರಾಡನ್ನ ತಳ್ಳತ್ತೆ, ಮಧ್ಯೆ ಗಾಳಿ ಸೇರಿದ್ರೆ ನೀವು ಒತ್ತಿದ್ದೆಲ್ಲ ಗಾಳಿ ಕುಗ್ಗೋಕೇ ಖರ್ಚಾಗತ್ತೆ.

ಸ್ಪ್ಯಾನರ್ ಹಿಡಿಯೋ ಮೊದ್ಲು ಲೀಕ್ ನೋಡಿ. ಪೆಡಲ್ ಮೇಲ್ಗಡೆ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡಿನ ಗೋಡೆ) ಹತ್ರ ಒದ್ದೆ ಇದ್ಯಾ, ಸ್ಲೇವ್‌ನ ರಬ್ಬರ್ ಬೂಟ್ ಸರಿಸಿದ್ರೆ ಒಳಗೆ ಆಯಿಲ್ ಇದ್ಯಾ? ಇದ್ರೆ ಕಿಟ್ (ಒಳಗಿನ ರಬ್ಬರ್ ವಾಷರ್‌ಗಳ ಹೊಸ ಸೆಟ್) ಹಾಕ್ಸಿ, ಇಲ್ದಿದ್ರೆ ಏರ್ ಎಷ್ಟು ತೆಗೆದ್ರೂ ವಾಪಸ್ ಬರತ್ತೆ.

ಬೇಕಾಗಿರೋದು: ಸೀಲ್ ಒಡೆಯದ ಬ್ರೇಕ್ ಆಯಿಲ್ (ಡಾಟ್ 3 ಅಥವಾ ಡಾಟ್ 4, ಗಾಡಿಯಲ್ಲಿ ಕ್ಲಚ್ ಆಯಿಲ್ ಹಾಕೋ ಡಬ್ಬದ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು), ನಿಪ್ಪಲ್‌ಗೆ (ಸ್ಲೇವ್ ಮೇಲಿರೋ, ಗಾಳಿ ಹೊರಬಿಡೋ ಸಣ್ಣ ಸ್ಕ್ರೂ) ಸರಿಯಾಗಿ ಕೂರೋ ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪ್, ಒಂದು ಬಾಟಲ್, ಮತ್ತೆ ಹೇಳಿದ್ದು ಕೇಳೋ ಒಬ್ಬ ಮನುಷ್ಯ. ಇಂಜಿನ್ ಆಯಿಲ್ ಅಪ್ಪಿತಪ್ಪಿಯೂ ಬೇಡ, ವಾಷರ್ ಎಲ್ಲಾ ಊದ್ಕೊಳತ್ತೆ. ಬ್ರೇಕ್ ಆಯಿಲ್ ಪೇಂಟ್ ತಿನ್ನತ್ತೆ, ಚೆಲ್ಲಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಗಬೇಡಿ. ಡಬ್ಬದ ತುಂಬಾ ಆಯಿಲ್ ಹಾಕಿ, ಸ್ಲೇವ್ ನಿಪ್ಪಲ್ ಮೇಲಿನ ಮಣ್ಣು ಒರೆಸಿ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿ ಬಾಟಲ್‌ನಲ್ಲಿರೋ ಸ್ವಲ್ಪ ಆಯಿಲ್ ಒಳಗೆ ಮುಳುಗಿರಲಿ. ಈಗ ಮೇಲೆ ಸೀಟಲ್ಲಿ ಕೂತವರು ಪೆಡಲ್ ನಿಧಾನಕ್ಕೆ ಕೆಲವು ಸಲ ಒತ್ತಿ ಬಿಟ್ಟು, ಕೊನೇಲಿ ಪೂರ್ತಿ ಒತ್ತಿ "ಹಿಡಿದಿದೀನಿ" ಅನ್ಬೇಕು, ಆಗ ನೀವು ನಿಪ್ಪಲ್ ಕಾಲು ಸುತ್ತು ಸಡಿಲ ಮಾಡಿ, ಗುಳ್ಳೆ ಜೊತೆ ಆಯಿಲ್ ಬರತ್ತೆ, ತಕ್ಷಣ ಟೈಟ್ ಮಾಡಿ "ಬಿಡಿ" ಅನ್ನಿ. ನೀವು ಟೈಟ್ ಮಾಡೋ ಮೊದ್ಲೇ ಅವರು ಕಾಲು ತೆಗೆದ್ರೆ ಗಾಳಿ ವಾಪಸ್ ಒಳಗೆ, ಇಡೀ ಕೆಲಸ ಕೆಡೋದು ಇಲ್ಲೇ. ಪೆಡಲ್ ಕೆಳಗೇ ಉಳಿದ್ರೆ ಗಾಬರಿ ಬೇಡ, ಕೈಯಲ್ಲಿ ಎತ್ತಿ.

ಗುಳ್ಳೆ ನಿಲ್ಲೋವರೆಗೂ ಇದೇ. ಕ್ಲಚ್ ಡಬ್ಬ ಚಿಕ್ಕದು, ಬೇಗ ಖಾಲಿಯಾಗತ್ತೆ, ಮಧ್ಯೆ ಮಧ್ಯೆ ತುಂಬ್ತಾ ಇರಿ. ಬಾಟಲ್‌ಗೆ ಬಂದ ಹಳೇ ಆಯಿಲ್ ಮತ್ತೆ ಹಾಕೋ ಜಿಪುಣತನ ಬೇಡ.

ಎಷ್ಟು ಮಾಡಿದ್ರೂ ಪೆಡಲ್ ಗಟ್ಟಿಯಾಗ್ಲಿಲ್ವಾ? ಸ್ಲೇವ್‌ನ ಎರಡು ಬೋಲ್ಟ್ ಬಿಚ್ಚಿ, ಮಾಸ್ಟರ್‌ನಿಂದ ಬರೋ ಆಯಿಲ್ ಪೈಪ್ ಕನೆಕ್ಷನ್ ಹಾಗೇ ಇರಲಿ, ಒಳಗಿನ ಗಾಳಿ ಆ ಪೈಪಿನ ಕಡೆ ಏರೋ ಹಾಗೆ ಹಿಡಿದು ರಾಡನ್ನ ನಿಧಾನಕ್ಕೆ ಒಳಗೆ ತಳ್ಳಿ, ಸಿಕ್ಕಾಕೊಂಡಿರೋ ಗಾಳಿ ಮೇಲಿನ ಡಬ್ಬಕ್ಕೆ ಹೋಗತ್ತೆ. ಬಿಚ್ಚಿರುವಾಗ ಮಾತ್ರ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹೊರಗೆ ಹಾರತ್ತೆ.

ನಿಪ್ಪಲ್ ಅತಿಯಾಗಿ ಟೈಟ್ ಮಾಡಬೇಡಿ, ಕಟ್ ಆಗತ್ತೆ. ಗಾಡಿ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಎರಡ್ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ ನೋಡಿ. ಹೊರಗೆ ಎಲ್ಲೂ ಲೀಕ್ ಇಲ್ಲ, ಆದ್ರೆ ಒತ್ತಿ ಹಿಡಿದಿರುವಾಗ್ಲೇ ಗಾಡಿ ಮೆಲ್ಲಗೆ ಹೊರಡೋಕೆ ನೋಡತ್ತೆ ಅಂದ್ರೆ ಮಾಸ್ಟರ್ ಒಳಗಿನ ವಾಷರ್ ಮೇಲೆ ಅನುಮಾನ ಪಡಿ, ಅದಕ್ಕೆ ಕಿಟ್ಟೇ ಗತಿ.