ಹಕ್ಕಿ, ಮೀನು, ಜೇನು ಇರುವ ಮನೆಯಲ್ಲಿ ಕಾರ್ಯಾಗಾರ: ಮೊದಲು ಗಾಳಿ, ಆಮೇಲೆ ಆಯುಧ

ಮನೆಯಲ್ಲೊಂದು ಕಾರ್ಯಾಗಾರ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಆಯುಧಗಳಿಂದಲೇ ಆರಂಭಿಸುತ್ತಾರೆ. ಯಾವ ಡ್ರಿಲ್ ಕೊಳ್ಳಬೇಕು, ವೈಸ್ ಎಷ್ಟು ಇಂಚಿನದಿರಬೇಕು, ಉಳಿಗಳನ್ನು ಗೋಡೆಗೆ ತೂಗುಹಾಕಬೇಕೋ ಡ್ರಾಯರಿನಲ್ಲಿಡಬೇಕೋ ಎಂಬ ಲೆಕ್ಕಾಚಾರದಲ್ಲೇ ಮೊದಲ ಉತ್ಸಾಹ ಖರ್ಚಾಗುತ್ತದೆ. ನಾಯಿಯೋ ಬೆಕ್ಕೋ ಇರುವ ಮನೆಯಲ್ಲಿ ಈ ಕ್ರಮದಿಂದ ದೊಡ್ಡ ತೊಂದರೆಯೇನೂ ಆಗದು. ಆದರೆ ಅದೇ ಸೂರಿನಡಿ ಕಾಕಟೀಲ್ ಎಂಬ ಚಿಕ್ಕ ಗಿಣಿಗಳ ಜೋಡಿ, ಇಲಿಯಂಥ ಹ್ಯಾಮ್‌ಸ್ಟರ್, ಸಿಹಿನೀರಿನ ಸೀಗಡಿಗಳ ತೊಟ್ಟಿ ಅಥವಾ ಹಿತ್ತಿಲ ಗೋಡೆಗೆ ತೂಗುಬಿಟ್ಟ, ಕೊಂಡಿಯಿಲ್ಲದ ಮುಜಂಟಿ ಜೇನಿನ ಪೆಟ್ಟಿಗೆ ಇದ್ದರೆ ಈ ಕ್ರಮ ತಿರುಗಬೇಕಾಗುತ್ತದೆ. ಗಾಳಿ ಯಾವ ಕಡೆಗೆ ಹರಿಯುತ್ತದೆ, ಹುಡಿ ಎಲ್ಲಿ ಕೂರುತ್ತದೆ, ಸಣ್ಣ ಲೋಹದ ಚೂರು ಎಲ್ಲಿಗೆ ಉರುಳುತ್ತದೆ ಎಂಬುದನ್ನು ತೀರ್ಮಾನಿಸಿದ ಮೇಲೆಯೇ ಗೋಡೆಗೆ ಮೊದಲ ಮೊಳೆ ಹೊಡೆಯುವುದು ಸರಿ.

ಇಂಥ ಜೀವಗಳನ್ನು ಸಾಕುವವರಲ್ಲಿ ಅನೇಕರು ಇಂದಲ್ಲ ನಾಳೆ ಅರೆಬಡಗಿಗಳಾಗುತ್ತಾರೆ. ಅಂಗಡಿಯಲ್ಲಿ ಸಿಗುವ ಪಂಜರ ಚಿಕ್ಕದಾಗಿರುತ್ತದೆ, ತೊಟ್ಟಿಯ ಸ್ಟ್ಯಾಂಡ್ ನಮ್ಮ ಗೋಡೆಯ ಅಳತೆಗೆ ಹೊಂದುವುದಿಲ್ಲ, ಜೇನುಪೆಟ್ಟಿಗೆಯನ್ನಂತೂ ಹೇಳಿ ಮಾಡಿಸಬೇಕು. ಹಾಗಾಗಿ ಪ್ರಾಣಿಯೇ ಕಾರ್ಯಾಗಾರಕ್ಕೆ ಕಾರಣವಾಗಿ, ಆ ಕಾರ್ಯಾಗಾರವೇ ಪ್ರಾಣಿಗೆ ಅಪಾಯವಾಗುವ ವಿಚಿತ್ರ ಸ್ಥಿತಿ ಈ ಮನೆಗಳಲ್ಲಿ ಹುಟ್ಟಿಕೊಳ್ಳುತ್ತದೆ.

ಹಕ್ಕಿಯಿಂದಲೇ ಆರಂಭಿಸೋಣ, ಏಕೆಂದರೆ ಹಕ್ಕಿಗೆ ಒಗ್ಗುವ ಗಾಳಿ ಮನೆಯ ಉಳಿದವರಿಗೂ ಬಹುಮಟ್ಟಿಗೆ ಒಗ್ಗುತ್ತದೆ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಕ್ಕಿಯಲ್ಲಿ ಗಾಳಿಚೀಲಗಳ ವ್ಯವಸ್ಥೆಯಿರುವುದರಿಂದ ಉಸಿರು ಎಳೆದುಕೊಳ್ಳುವಾಗಲೂ ಬಿಡುವಾಗಲೂ ಹೊಸ ಗಾಳಿ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹಾರಲು ಬೇಕಾದಷ್ಟು ಆಮ್ಲಜನಕವನ್ನು ಹೀರಿಕೊಳ್ಳುವ ಈ ದಕ್ಷತೆಯೇ ವಿಷಾನಿಲವನ್ನೂ ಅಷ್ಟೇ ಬೇಗ ಹೀರಿಕೊಳ್ಳುವಂತೆ ಮಾಡುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಅನಿಲ ಸೋರಿಕೆಯ ಮುನ್ಸೂಚನೆಗೆಂದು ಕ್ಯಾನರಿ ಹಕ್ಕಿಗಳನ್ನು 1986ರವರೆಗೂ ಇಟ್ಟುಕೊಂಡಿದ್ದುದು ಇದೇ ಕಾರಣಕ್ಕೆ. ಥಿನ್ನರ್, ಸ್ಪ್ರೇ ಪೇಂಟ್, ಮರಕ್ಕೆ ಹೊಳಪು ಕೊಡುವ ಎನ್‌ಸಿ ಲ್ಯಾಕರ್, ಬೆಸುಗೆಯ ಹೊಗೆ ಇವೆಲ್ಲವೂ ನಮಗೆ ತಲೆನೋವು ತರುವ ಮೊದಲೇ ಹಕ್ಕಿಯನ್ನು ಬಾಧಿಸಬಲ್ಲವು. ಅಡುಗೆಮನೆಯ ನಾನ್‌ಸ್ಟಿಕ್ ಬಾಣಲೆಯ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಹೊರಬೀಳುವ ಹೊಗೆ ಹಕ್ಕಿಗಳಿಗೆ ಮಾರಕವೆಂಬುದು ಹಕ್ಕಿ ಸಾಕುವವರಿಗೆ ತಿಳಿದ ಸಂಗತಿ. ಬಿಸಿಗಾಳಿ ಊದುವ ಹೀಟ್ ಗನ್ ಅದಕ್ಕಿಂತ ಬಹಳ ಹೆಚ್ಚಿನ ಶಾಖಕ್ಕೆ ಏರುತ್ತದೆ, ಅದರ ಮುಂದೆ ಟೆಫ್ಲಾನ್ ಟೇಪ್ ಸುತ್ತಿದ ನಲ್ಲಿ ಜೋಡಣೆಯೋ ಅಂಥದೇ ಲೇಪವಿರುವ ವಸ್ತುವೋ ಬಂದರೆ ಫಲಿತಾಂಶ ಅದೇ ಆಗುತ್ತದೆ ಎಂಬುದನ್ನು ಮಾತ್ರ ಹಲವರು ಯೋಚಿಸಿರುವುದಿಲ್ಲ.

ಆದ್ದರಿಂದ ಜಾಗದ ಆಯ್ಕೆ ಬಹಳ ಮುಖ್ಯ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಸಾಮಾನ್ಯವಾಗಿ ಮೂರು ಸಾಧ್ಯತೆಗಳಿರುತ್ತವೆ: ಅಡುಗೆಮನೆಯ ಹಿಂದಿನ ಯುಟಿಲಿಟಿ, ಕೆಳಗಿನ ಕಾರ್ ಶೆಡ್ ಮತ್ತು ತಾರಸಿಯ ಕೋಣೆ. ನನ್ನ ಮತ ತಾರಸಿಯ ಕೋಣೆಗೆ. ಮರವನ್ನು ಮೇಲಕ್ಕೆ ಹೊರುವ ಕಷ್ಟವೊಂದನ್ನು ಬಿಟ್ಟರೆ ಅಲ್ಲಿ ಗಾಳಿ ಧಾರಾಳ, ಮನೆಯ ಒಳಗಿನಿಂದ ಬಾಗಿಲೂ ಬೇರೆ. ಕಾರ್ ಶೆಡ್ ಎರಡನೆಯದು. ಯುಟಿಲಿಟಿಯಲ್ಲಿ ಸ್ಕ್ರೂ ತಿರುಗಿಸುವಷ್ಟು ಕೆಲಸ ಸಾಕು, ಏಕೆಂದರೆ ಅಲ್ಲಿಯ ಹುಡಿಯೂ ವಾಸನೆಯೂ ಅಡುಗೆಮನೆಯ ಮೂಲಕವೇ ಮನೆಯೊಳಗೆ ಬರುತ್ತವೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೊಟ್ಟಿಗೆಯ ಬದಿಯ ಮಾಡು ಸಿಕ್ಕರೆ ಅದಕ್ಕಿಂತ ಉತ್ತಮ ಜಾಗ ಬೇರೆ ಬೇಡ.

ಜಾಗ ಯಾವುದೇ ಇರಲಿ, ಗಾಳಿಯು ಮನೆಯಿಂದ ಕಾರ್ಯಾಗಾರಕ್ಕೆ, ಕಾರ್ಯಾಗಾರದಿಂದ ಹೊರಗೆ ಹರಿಯಬೇಕು. ಇದಕ್ಕಾಗಿ ಬಾಗಿಲಿಗೆ ಎದುರಾದ ಹೊರಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಗಾಳಿಯನ್ನು ಹೊರಕ್ಕೆ ಎಳೆಯುವಂತೆ ಮಾಡಬೇಕು. ಬಾಗಿಲ ಬಳಿ ಸೀಲಿಂಗ್ ಫ್ಯಾನೋ ಟೇಬಲ್ ಫ್ಯಾನೋ ತಿರುಗಿದರೆ ಈ ವ್ಯವಸ್ಥೆ ಕೆಡುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಊದುಬತ್ತಿ ಸಾಕು: ಫ್ಯಾನ್ ಹಾಕಿ, ಬಾಗಿಲನ್ನು ನಾಲ್ಕು ಬೆರಳಗಲ ತೆರೆದು, ಹಚ್ಚಿದ ಕಡ್ಡಿಯನ್ನು ಆ ಸಂದಿನಲ್ಲಿ ಹಿಡಿದರೆ ಹೊಗೆ ಕಾರ್ಯಾಗಾರದ ಒಳಕ್ಕೆ ಬಾಗಬೇಕು. ಮನೆಯ ಕಡೆಗೆ ಬಾಗಿದರೆ ಎಲ್ಲೋ ಬೇರೆ ಕಿಟಕಿ ಗಾಳಿಯನ್ನು ತಳ್ಳುತ್ತಿದೆಯೆಂದು ಅರ್ಥ. ಪರೀಕ್ಷೆಯನ್ನು ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಮಾಡಬೇಕು, ಹೊರಗಿನ ಗಾಳಿಯ ದಿಕ್ಕು ಬದಲಾಗುವ ಊರುಗಳಲ್ಲಿ ಎರಡರ ಉತ್ತರ ಬೇರೆ ಬೇರೆಯಾಗಿರುವುದುಂಟು. ಪರೀಕ್ಷೆಯ ಹೊತ್ತಿನಲ್ಲಿ ಪಂಜರ ದೂರದ ಕೋಣೆಯಲ್ಲಿರಲಿ, ಊದುಬತ್ತಿಯ ಹೊಗೆಯೂ ಹಕ್ಕಿಗೆ ಒಳ್ಳೆಯದಲ್ಲ.

ಬಣ್ಣ ಮತ್ತು ಥಿನ್ನರಿನ ಆವಿ ಗಾಳಿಗಿಂತ ಭಾರವಾದದ್ದು, ಅದು ನೆಲಮಟ್ಟದಲ್ಲಿ ಹರಡುತ್ತದೆ. ಎತ್ತರದಲ್ಲಿ ಕೂರಿಸಿದ ಫ್ಯಾನ್ ಅದನ್ನು ಪೂರ್ತಿ ಎಳೆದುಕೊಳ್ಳುವುದಿಲ್ಲ. ನೆಲದ ಮೇಲೆ ಪಂಜರವಿಟ್ಟ ಹ್ಯಾಮ್‌ಸ್ಟರ್ ಅಥವಾ ಮೊಲಕ್ಕೆ ಮೊದಲು ತಾಗುವುದು ಈ ಆವಿ. ಸಾಮಾನ್ಯ ಫ್ಯಾನಿನ ಮೋಟಾರಿನಿಂದ ಕಿಡಿ ಹಾರಿದರೆ ಆವಿ ಹೊತ್ತಿಕೊಳ್ಳಲೂಬಹುದು. ಆದ್ದರಿಂದ ವಾರ್ನಿಷ್ ಮತ್ತು ಸ್ಪ್ರೇ ಕೆಲಸವನ್ನು ಕೋಣೆಯ ಹೊರಗೆ, ಬಯಲಿನಲ್ಲೇ ಮಾಡುವುದನ್ನು ನಿಯಮವಾಗಿಸಿಕೊಳ್ಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ, ಹಾಗಾಗಿ ಅದನ್ನು ಬಿಡಿಸಿ ಬಿಸಿಲಿಗೆ ಹರವಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು.

ಮೀನಿನ ತೊಟ್ಟಿ ಇರುವವರು ಮರೆಯುವ ಸಂಗತಿಯೆಂದರೆ ತೊಟ್ಟಿಯೂ ಉಸಿರಾಡುತ್ತದೆ ಎಂಬುದು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ, ಗಾಳಿಯಲ್ಲಿರುವ ಸ್ಪ್ರೇ ಹನಿ, ಸೊಳ್ಳೆಮದ್ದು, ಥಿನ್ನರಿನ ಆವಿ ಎಲ್ಲವೂ ಅದರೊಂದಿಗೆ ನೀರಿಗಿಳಿಯುತ್ತವೆ. ಪಂಪನ್ನು ಕಾರ್ಯಾಗಾರದಿಂದ ದೂರದ ಗೋಡೆಯ ಬಳಿ ಇಟ್ಟು ಉದ್ದನೆಯ ಕೊಳವೆ ಎಳೆಯುವುದು ಸುಲಭದ ಪರಿಹಾರ. ಸೀಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ, ಆದ್ದರಿಂದ ಹಿತ್ತಾಳೆಗೆ ಅರ ಹಾಕಿದ ಕೈಯನ್ನು ತೊಟ್ಟಿಯೊಳಗೆ ಇಳಿಸಬಾರದು. ತೊಟ್ಟಿಯ ಬಕೆಟ್, ಮಗ್ಗು, ಸ್ಪಂಜುಗಳಿಗೆ ಬೇರೆ ಬಣ್ಣ ಆರಿಸಿ, ಕಾರ್ಯಾಗಾರದ ಹೊಸ್ತಿಲು ದಾಟದಂತೆ ನೋಡಿಕೊಳ್ಳಬೇಕು. ಗಾಜಿನ ಅಂಚಿಗೆ ಸಿಲಿಕೋನ್ ಹಾಕುವಾಗ ವಿನೆಗರ್ ವಾಸನೆಯ, ಬೂಷ್ಟು ನಿರೋಧಕ ಬೆರೆಸದ ಅಕ್ವೇರಿಯಂ ಸಿಲಿಕೋನನ್ನೇ ಬಳಸಿ, ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಬಾರದು. ಬಚ್ಚಲುಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ಬೆಳೆಯದಂತೆ ಸೇರಿಸಿದ ರಾಸಾಯನಿಕ ಮೀನಿಗೆ ಆಗದು.

ಇನ್ನು ಹುಡಿ. ಗರಗಸದ ಹೊಟ್ಟು ಕಣ್ಣಿಗೆ ಕಾಣುತ್ತದೆ, ಗುಡಿಸಬಹುದು. ಉಪ್ಪುಕಾಗದ ಹಿಡಿದು ಉಜ್ಜಿದಾಗ ಏಳುವ ನುಣ್ಣನೆಯ ಹುಡಿ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಅಪಾಯ ಇರುವುದು ಅದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಸೇರಿಸಿದೆ. ಸಾಗುವಾನಿ ಮತ್ತು ಬೀಟೆಯ ಹುಡಿಗೆ ಚರ್ಮವೂ ಮೂಗೂ ಕೆರಳುವುದು ಬಡಗಿಗಳಿಗೆ ಹಳೆಯ ಅನುಭವ. ಪ್ಲೈವುಡ್ ಹಾಗೂ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಗಳಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟು ಬಳಕೆಯಾಗಿರುತ್ತದೆ, ಅವುಗಳನ್ನು ಕೊಯ್ಯುವ ಕೆಲಸವನ್ನು ಸಾಧ್ಯವಾದರೆ ಅಂಗಡಿಯಲ್ಲೇ ಮುಗಿಸಿಕೊಂಡು ಬರುವುದು ಮೇಲು. ಉಜ್ಜುವಾಗ ಎನ್95 ಮಾಸ್ಕ್, ಒರೆಸುವಾಗ ಒದ್ದೆ ಬಟ್ಟೆ. ಕಸಪೊರಕೆಯಿಂದ ಗುಡಿಸಿದರೆ ಕೂತ ಹುಡಿಯನ್ನು ನಾವೇ ಎಬ್ಬಿಸಿದಂತಾಗುತ್ತದೆ.

ಕಾರ್ಯಾಗಾರದ ಹೊಟ್ಟನ್ನು ಹ್ಯಾಮ್‌ಸ್ಟರಿನ ಹಾಸಿಗೆಗೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಬಳಸಬಾರದು. ಅದು ತೀರಾ ನುಣ್ಣಗಿರುತ್ತದೆ, ಯಾವ ಮರದ್ದೆಂದು ಖಚಿತವಿರುವುದಿಲ್ಲ, ಗೆದ್ದಲಿಗೆಂದು ಔಷಧಿ ಹಚ್ಚಿದ ಹಲಗೆಯದ್ದೂ ಅದರಲ್ಲಿ ಬೆರೆತಿರಬಹುದು. ಪಂಜರದ ಕೋಲುಗಳಿಗೆ ಸೀಬೆ ಮತ್ತು ಬೇವಿನ ಹಸಿ ಕೊಂಬೆ ತಂದು ತೊಳೆದು ಒಣಗಿಸಿಕೊಂಡರೆ ಸಾಕು. ಪ್ಯಾಕಿಂಗ್ ಪ್ಯಾಲೆಟ್ಟುಗಳ ಮರ ಅಗ್ಗವಾಗಿ ಸಿಗುತ್ತದೆ, ಆದರೆ ಕೊಳ್ಳುವ ಮೊದಲು ಅದರ ಬದಿಯ ಮುದ್ರೆಯನ್ನು ಓದಬೇಕು. ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ ಮರ, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಎರಡನೆಯದನ್ನು ಪ್ರಾಣಿಯ ಮನೆಗಷ್ಟೇ ಅಲ್ಲ, ಒಲೆಗೂ ಬಳಸಬಾರದು. ಮುದ್ರೆಯೇ ಇಲ್ಲದ ಮರವನ್ನೂ ಬಿಟ್ಟುಬಿಡುವುದು ಜಾಣತನ.

ಲೋಹದ ವಿಷಯದಲ್ಲಿ ಗಿಣಿಜಾತಿಯ ಹಕ್ಕಿಗಳು ನಮ್ಮನ್ನು ನಿಜಕ್ಕೂ ಪರೀಕ್ಷಿಸುತ್ತವೆ, ಏಕೆಂದರೆ ಅವು ಹೊಳೆಯುವುದೆಲ್ಲವನ್ನೂ ಕೊಕ್ಕಿನಿಂದ ಕಚ್ಚಿ ನೋಡುತ್ತವೆ. ಜಿಐ ಜಾಲರಿ, ವಾಷರ್, ನಟ್ಟುಗಳ ಮೇಲಿನ ಸತುವಿನ ಲೇಪ ಹೊಟ್ಟೆಗೆ ಹೋದರೆ ಹಕ್ಕಿ ಮಂಕಾಗುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಹಿಕ್ಕೆ ಹಸಿರಾಗುತ್ತದೆ. ಪಂಜರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯೇ ಉತ್ತಮ. ಬೆಲೆ ಹೆಚ್ಚೆಂದು ಜಿಐ ಜಾಲರಿಯನ್ನೇ ತಂದರೆ, ಅದರ ಮೇಲಿನ ಬಿಳಿ ಪುಡಿಯನ್ನೂ ಸತುವಿನ ಗಂಟುಗಳನ್ನೂ ವಿನೆಗರ್ ಮತ್ತು ಗಡಸು ಬ್ರಷ್‌ನಿಂದ ಉಜ್ಜಿ ತೊಳೆದು ಕೆಲವು ವಾರ ಬಿಸಿಲು ಮಳೆಗೆ ಬಿಡಬೇಕು. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಸಾಲ್ಡರಿಂಗಿಗೆ ಬಳಸುವ 60/40 ತಂತಿಯಲ್ಲಿ ಶೇ. 40ರಷ್ಟು ಸೀಸವಿರುತ್ತದೆ, ಅದರ ಒಂದು ಹನಿ ನೆಲಕ್ಕೆ ಬಿದ್ದರೂ ಹುಡುಕಿ ತೆಗೆಯಬೇಕು. ಹಳೆಯ ಬಾಗಿಲು ಕಿಟಕಿಗಳಿಂದ ಪಂಜರ ಮಾಡುವ ಆಸೆಯಿದ್ದರೆ ಇದನ್ನೂ ಗಮನಿಸಬೇಕು: ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಬಣ್ಣವನ್ನು ಕೆರೆದು ಉದುರಿಸಿದರೆ ಆ ಪುಡಿ ಮಕ್ಕಳಿಗೂ ಹಕ್ಕಿಗೂ ಸಮಾನ ಅಪಾಯ.

ಹೀಗಾಗಿ ಸ್ಕ್ರೂ, ಮೊಳೆ, ವಾಷರುಗಳನ್ನು ತೆರೆದ ತಟ್ಟೆಯಲ್ಲಿಡುವ ಅಭ್ಯಾಸ ಈ ಮನೆಗೆ ಸಲ್ಲದು. ತಿರುಪು ಮುಚ್ಚಳದ ಪಾರದರ್ಶಕ ಡಬ್ಬಿಗಳು, ಅವುಗಳ ಮುಚ್ಚಳವನ್ನು ಕಪಾಟಿನ ಹಲಗೆಯ ಅಡಿಗೆ ಸ್ಕ್ರೂ ಹೊಡೆದು ಕೂರಿಸಿದರೆ ಜಾಗವೂ ಉಳಿಯುತ್ತದೆ. ಬೆಂಚಿನ ಅಂಚಿಗೆ ಅರ್ಧ ಇಂಚಿನ ಪಟ್ಟಿ ಹೊಡೆದರೆ ಉರುಳಿದ್ದು ನೆಲ ಸೇರುವುದಿಲ್ಲ. ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆದು, ಚೀಲವನ್ನು ಒಳಹೊರಗು ಮಾಡಿ ಕಬ್ಬಿಣದ ಚೂರನ್ನು ಬೇರ್ಪಡಿಸಬಹುದು. ಸೀಸ, ಹಿತ್ತಾಳೆ, ತಾಮ್ರಗಳು ಅಯಸ್ಕಾಂತಕ್ಕೆ ಸಿಗವು, ಅವಕ್ಕೆ ಒದ್ದೆ ಬಟ್ಟೆಯೇ ಗತಿ.

ಆಯುಧಗಳ ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆಂಚು ನಿಂತವನ ಮಣಿಕಟ್ಟಿನ ಎತ್ತರಕ್ಕಿರಲಿ. 45 ಡಿಗ್ರಿ ಓರೆಯಾಗಿ ಸೀಳಿದ ಹಲಗೆಯ ಒಂದು ಪಟ್ಟಿಯನ್ನು ಗೋಡೆಗೂ ಇನ್ನೊಂದನ್ನು ಆಯುಧ ಕೂರಿಸುವ ಹಲಗೆಗೂ ಹೊಡೆದು ತೂಗುಹಾಕಿದರೆ ಜಾಗ ಬದಲಿಸುವುದು ಸುಲಭ. ದಿನಬಳಕೆಯ ಸುತ್ತಿಗೆ, ಇಕ್ಕಳ, ಉಳಿ ಕೈಗೆಟಕುವಲ್ಲಿ, ತೋಪಡ ಮತ್ತು ಗ್ರೈಂಡರ್ ಕೆಳಗಿನ ಕಪಾಟಿನಲ್ಲಿ ಇರಲಿ. ವಿದ್ಯುತ್ತಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯ, ಆದರೆ ತೊಟ್ಟಿಯ ಪಂಪು ಬೇರೆ ಸಾಲಿನಲ್ಲಿರಬೇಕು. ಇಲ್ಲವಾದರೆ ಗ್ರೈಂಡರಿನ ದೋಷಕ್ಕೆ ಸ್ವಿಚ್ ಬಿದ್ದು ಮೀನಿನ ಗಾಳಿಯೂ ನಿಲ್ಲುತ್ತದೆ. ಕಾಕಟೀಲುಗಳು ಕತ್ತಲಲ್ಲಿ ಹಠಾತ್ ಸದ್ದಿಗೆ ಬೆಚ್ಚಿ ಪಂಜರದೊಳಗೆ ಬಡಿದುಕೊಂಡು ರೆಕ್ಕೆಗೆ ಗಾಯ ಮಾಡಿಕೊಳ್ಳುವ ಸ್ವಭಾವದವು, ಆದ್ದರಿಂದ ಸದ್ದಿನ ಯಂತ್ರಗಳಿಗೆ ಸೂರ್ಯಾಸ್ತವೇ ಗಡುವು.

ಮುಜಂಟಿ ಸಾಕುವವರಿಗೆ ಎರಡು ಮಾತು. ಕೆಲವೆಡೆ ಮಿಸ್ರಿ ಎಂದೂ ಕರೆಯುವ ಈ ಕೊಂಡಿಯಿಲ್ಲದ ಜೇನು ಗೂಡು ಕಟ್ಟಲು ಮೇಣದ ಜೊತೆ ಮರಗಳಿಂದ ಒಸರುವ ಅಂಟನ್ನು ಬಳಸುತ್ತದೆ, ಅಂಟಿನ ಹುಡುಕಾಟದಲ್ಲೇ ಸದಾ ಇರುತ್ತದೆ. ಹಸಿ ವಾರ್ನಿಷ್ ಹಚ್ಚಿದ ವಸ್ತುವನ್ನು ಅದರ ಹಾರಾಟದ ದಾರಿಯಲ್ಲಿ ಒಣಗಲು ಇಡಬಾರದು. ಪೆಟ್ಟಿಗೆಯ ಒಳಮೈಗೆ ಯಾವ ಬಣ್ಣವೂ ಬೇಡ, ಹೊರಮೈಗೆ ಬಣ್ಣ ಬೇಕೆನಿಸಿದರೆ ಜೇನು ಕೂರಿಸುವ ಎಷ್ಟೋ ದಿನ ಮೊದಲೇ ಹಚ್ಚಿ ವಾಸನೆ ಹೋಗಲು ಬಿಡಬೇಕು. ಕಾರ್ಯಾಗಾರದಲ್ಲಿ ಇರುವೆಗೋ ಗೆದ್ದಲಿಗೋ ಸ್ಪ್ರೇ ಹೊಡೆಯುವ ಯೋಚನೆಯನ್ನೇ ಕೈಬಿಡಬೇಕು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತುಕ್ಕು ದೊಡ್ಡ ಶತ್ರು. ಉಳಿ, ತೋಪಡಗಳಿಗೆ ತೆಳುವಾಗಿ ಯಂತ್ರದ ಎಣ್ಣೆ ಒರೆಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ನುಸಿಗುಳಿಗೆ ಮಾತ್ರ ಬೇಡ, ಅದರ ಆವಿ ಹಕ್ಕಿಗೂ ಚಿಕ್ಕ ಪ್ರಾಣಿಗಳಿಗೂ ವಿಷ. ಆಯುಧಪೂಜೆಗೆ ಎಲ್ಲ ಆಯುಧಗಳನ್ನೂ ಇಳಿಸಿ ತೊಳೆಯುವ ಪದ್ಧತಿ ಇರುವ ನಮಗೆ ಲೆಕ್ಕ ನೋಡಲು ಬೇರೆ ದಿನ ಬೇಡ: ಅಂದೇ ಒಣಗಿದ ಅಂಟು, ಅವಧಿ ಮುಗಿದ ಅರಾಲ್ಡೈಟ್, ಮುಚ್ಚಳ ಸಡಿಲಾದ ಥಿನ್ನರ್ ಡಬ್ಬಿಗಳನ್ನು ಹೊರಹಾಕಬಹುದು. ಕರ್ಪೂರ, ಧೂಪದ ಹೊಗೆ ಪಂಜರದ ಕಡೆ ಹೋಗದಂತೆ ಅಂದೂ ಅದೇ ಫ್ಯಾನ್ ತಿರುಗಲಿ.

ದೊಡ್ಡ ಪಂಜರಕ್ಕೆ ಮರ ಕೊಳ್ಳುವ ಮುನ್ನ ಅದರೊಳಗೆ ಇರಲಿರುವ ಪ್ರಾಣಿಯ ಕಾನೂನು ಸ್ಥಿತಿಯನ್ನು ತಿಳಿದುಕೊಳ್ಳಬೇಕು. ನಮ್ಮ ಊರುಗಿಣಿ ಮತ್ತು ನಕ್ಷತ್ರ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದವು, ಅವನ್ನು ಮನೆಯಲ್ಲಿಡುವುದು ಅಪರಾಧ. ವಿದೇಶಿ ಪ್ರಾಣಿಗಳಲ್ಲಿ ಆಫ್ರಿಕನ್ ಗ್ರೇ ಗಿಣಿ, ಬಾಲ್ ಪೈಥಾನ್, ಹಸಿರು ಇಗ್ವಾನಾ ಮೊದಲಾದವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಕಾಕಟೀಲ್, ಬಜರಿಗಾರ್ ಮತ್ತು ಪೀಚ್ ಮುಖದ ಲವ್‌ಬರ್ಡ್ ಆ ಪಟ್ಟಿಯಲ್ಲಿಲ್ಲ.

ಕೊನೆಯದಾಗಿ ಹೊಸ್ತಿಲಿನ ವ್ಯವಸ್ಥೆ. ಕಾರ್ಯಾಗಾರದ ಬಾಗಿಲಲ್ಲೇ ಒಂದು ಗೂಟ, ಒಂದು ಜೊತೆ ಚಪ್ಪಲಿ, ನೀರು ಮತ್ತು ಸೋಪು ಇರಲಿ. ಒಳಗೆ ಹಾಕಿಕೊಂಡ ಅಂಗಿಯನ್ನು ಅಲ್ಲೇ ಬಿಚ್ಚಿ ತೂಗುಹಾಕಿ, ಮೊಣಕೈವರೆಗೆ ತೊಳೆದುಕೊಂಡೇ ಪಂಜರದ ಬಾಗಿಲು ತೆರೆಯಬೇಕು. ತೊಟ್ಟಿಗೆ ಕೈ ಹಾಕುವುದಿದ್ದರೆ ಸೋಪಿನ ನೊರೆಯೂ ಉಳಿಯದಂತೆ ಮತ್ತೊಮ್ಮೆ ಬರೀ ನೀರಿನಲ್ಲಿ ತೊಳೆಯಬೇಕು. ಹಕ್ಕಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಾರಣ ಹುಡುಕುತ್ತ ಕೂರದೆ ಅದನ್ನು ಮೊದಲು ತೆರೆದ ಗಾಳಿಗೆ ಒಯ್ದು, ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಬೇಕು. ಎಲ್ಲ ಪಶುವೈದ್ಯರೂ ಹಕ್ಕಿಗಳನ್ನು ನೋಡುವುದಿಲ್ಲ, ಹಾಗಾಗಿ ನೋಡುವವರು ಯಾರೆಂದು ಮೊದಲೇ ವಿಚಾರಿಸಿ ಅವರ ದೂರವಾಣಿ ಸಂಖ್ಯೆಯನ್ನು ಫ್ಯಾನಿನ ಸ್ವಿಚ್ಚಿನ ಪಕ್ಕದಲ್ಲಿ ಬರೆದು ಅಂಟಿಸಿಡಿ.